ಪಿಂಟುವಿಗೂ ಅವರೇ ಟೀಚರ್

ಹೋದ ವಾರ ಸಕಲೇಶಪುರದ ಸಂತೆಯಲ್ಲಿ ಒಣಮೀನಿನ ಸಾಲು ದಾಟುವಾಗ ಕಾಲು ತಾನಾಗಿ ನಿಂತಿತು. ಘಟ್ಟದ ಕೆಳಗಿನಿಂದ ಬಂದ ಒಣಸೀಗಡಿಯನ್ನು ಗೋಣಿಚೀಲದ ಮೇಲೆ ಗುಡ್ಡೆ ಹಾಕಿದ್ದರು. ನಮ್ಮದು ಮೀನು, ಮಾಂಸ ತಿನ್ನದ ಮನೆ. ಚಿಕ್ಕವಳಿದ್ದಾಗ ಅಮ್ಮನ ಸೆರಗು ಹಿಡಿದು, ಮೂಗು ಮುಚ್ಚಿಕೊಂಡು ಆ ಸಾಲನ್ನು ಓಡಿ ದಾಟುತ್ತಿದ್ದೆ. ಈಗ ಮೂಗು ಮುಚ್ಚಲಿಲ್ಲ. ಉಪ್ಪು, ಬಿಸಿಲು ಎಲ್ಲ ಸೇರಿದ ಆ ವಾಸನೆ ನನ್ನ ಮಟ್ಟಿಗೆ ಪಕ್ಕದ ಮನೆಯ ಟೀಚರ್ ಅವರ ವಾಸನೆ. ಒಂದು ಚಳಿಗಾಲವೆಲ್ಲ ಬೇಲಿಯ ಆಚೆಯಿಂದ ಅದು ಬರುತ್ತಿತ್ತು... ಅದು ಬಂತೆಂದರೆ ನಮ್ಮ ಪಿಂಟುವಿನ ಬಾಲ ಅಲ್ಲಾಡಲು ಶುರುವಾಗುತ್ತಿತ್ತು.

ಅವರು ನಮ್ಮೂರ ಅಂಗನವಾಡಿ ಟೀಚರ್. ಬೆಳಗೋಡಿನಿಂದ ಒಳಕ್ಕೆ ಹೋಗುವ ರಸ್ತೆಯ ನಮ್ಮ ಊರಿನಲ್ಲಿ, ನನ್ನ ವಯಸ್ಸಿನವರೆಲ್ಲ ಮೊದಲು ಕೂತಿದ್ದು ಅವರ ಚಾಪೆಯ ಮೇಲೆ. ತಂಗಿಯ ಜೊತೆ ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ತೂಕದ ಆಳು, ಮಂಡಿನೋವು ಬೇರೆ. ನಡೆಯುವಾಗ ಎರಡು ಕಡೆಗೂ ವಾಲುತ್ತಾ ನಡೆಯುತ್ತಿದ್ದರು. ಆದರೆ ಮಕ್ಕಳ ಎದುರು ಕುಪ್ಪಳಿಸಬೇಕಾದರೆ ಆ ಮಂಡಿ ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ.

ಪಿಂಟುವನ್ನು ನಾನು ತಂದದ್ದು ಆಲೂರಿನಿಂದ. ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿ ನನಗೆ ಕೆಲಸ. ಬಸ್ ಸ್ಟ್ಯಾಂಡಿನ ಹಿಂದೆ ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಊಟದ ಬುತ್ತಿಯ ಚೀಲದಲ್ಲಿಟ್ಟುಕೊಂಡು ಬಂದಿದ್ದೆ. ಅಪ್ಪ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಆದರೆ ಅದು ಬೆಳೆದು, ಕಂಡಕಂಡದ್ದಕ್ಕೆಲ್ಲ ಬೊಗಳುತ್ತಾ ತೋಟದೊಳಗೆ ನುಗ್ಗತೊಡಗಿದ ಮೇಲೆ ಒಂದು ಮಾತು ಹೇಳಿದರು. ಕಾಫಿ ಕುಯ್ಲು ಶುರುವಾಗುವುದರೊಳಗೆ ಕರೆದರೆ ಬರುವುದನ್ನು ನಾಯಿ ಕಲಿಯಬೇಕು. ಇಲ್ಲದಿದ್ದರೆ ದೋಣಿಗಲ್ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕಾವಲಿಗೆ ನಾಯಿ ಕೇಳಿದ್ದಾರೆ, ಕೊಟ್ಟುಬಿಡುವುದು. ಅಲ್ಲಿ ಅದಕ್ಕೆ ಸ್ಟೋರಿನ ಮುಂದೆ ಸರಪಳಿ.

ಅಪ್ಪನ ಮಾತು ಕಟುಕತನದ್ದಲ್ಲ. ನಮ್ಮ ಕಡೆ ಆನೆಗಳು ತೋಟಕ್ಕೆ ಬರುತ್ತವೆ. ನಾಯಿ ಆನೆಯನ್ನು ಕಂಡರೆ ಬೊಗಳುತ್ತದೆ, ಆನೆ ಅಟ್ಟಿಸಿಕೊಂಡು ಬರುತ್ತದೆ, ನಾಯಿ ಓಡಿಬರುವುದು ತನ್ನ ಮನೆಯವರ ಕಾಲಡಿಗೆ. ಹಾಗೆ ನಾಯಿಯ ಹಿಂದೆ ಬಂದ ಆನೆಗೆ ಸಿಕ್ಕವರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಕುಯ್ಲಿನ ಕಾಲದಲ್ಲಿ ತೋಟದ ತುಂಬ ಜನ ಇರುತ್ತಾರೆ. ಅಪ್ಪನ ಹೆದರಿಕೆ ಅವರ ಬಗ್ಗೆ.

ನಾನು ದಿನಚರಿ ಬರೆಯುವವಳು. ಮಳೆ ಬಂದದ್ದು, ಬಸ್ ತಪ್ಪಿದ್ದು, ಓದಿದ ಪುಟ, ಎಲ್ಲಕ್ಕೂ ತಾರೀಖು ಹಾಕಿ ಗೆರೆ ಎಳೆದಿಡುತ್ತೇನೆ. ಹಾಗಾಗಿ ನಾಯಿಗೆ ಕಲಿಸುವುದಕ್ಕೂ ಒಂದು ವೇಳಾಪಟ್ಟಿ ಮಾಡಿದೆ. ಆಟ ಆಡಿಸುತ್ತಾ ನಾಯಿಗೆ ಕಲಿಸುವ ವಿಡಿಯೋಗಳನ್ನು ಬಸ್ಸಿನಲ್ಲಿ ನೋಡಿ, ಪ್ರತಿದಿನ ಸಂಜೆ ಅರ್ಧ ಗಂಟೆ ಎಂದು ಬರೆದುಕೊಂಡೆ. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅಮ್ಮನಿಗೆ ರೊಟ್ಟಿಗೆ ಕೈ ಸೇರಿಸಬೇಕು, ಅಪ್ಪನಿಗೆ ಮರುದಿನದ ಆಳುಗಳಿಗೆ ಫೋನು ಮಾಡಿಕೊಡಬೇಕು. ಅರ್ಧ ಗಂಟೆ ಎಂಬುದು ಆ ಪಟ್ಟಿಯಲ್ಲಿ ಮಾತ್ರ ಇತ್ತು. ಒಂದು ಭಾನುವಾರ ಬೇಲಿಯ ಹತ್ತಿರ ನಿಂತು ಇದನ್ನೆಲ್ಲ ಟೀಚರ್‌ಗೆ ಹೇಳಿದೆ. ಅವರು ಬಟ್ಟೆ ಹಿಂಡುತ್ತಿದ್ದವರು ನಗಲು ಶುರುಮಾಡಿದರು.

"ಅರ್ಧ ಗಂಟೆನಾ? ನಮ್ಮ ಮಕ್ಕಳಿಗೆ ಅರ್ಧ ಗಂಟೆ ಪಾಠ ಮಾಡಕ್ಕೆ ಹೋದ್ರೆ ಇಬ್ಬರು ಎದ್ದು ಮನೆಗೆ ಹೋಗ್ಬುಟ್ಟಿರ್ತಾರೆ, ಒಬ್ಬ ನಿದ್ದೆ ಹೊಡೀತಿರ್ತಾನೆ. ನೀನೂ ಹಂಗೇ ಕಣಮ್ಮ, ಗೋಡೆಗೆ ಒರಗಿ ಮಲಗೋಳು."

ನಾಯಿಯ ಬಗ್ಗೆ ತಮಗೇನೂ ಗೊತ್ತಿಲ್ಲ ಎಂದೂ ಅವರೇ ಹೇಳಿದರು. ಅವರು ಯಾವತ್ತೂ ನಾಯಿ ಸಾಕಿದವರಲ್ಲ. ನಾನು ಬಸ್ಸಿನಲ್ಲಿ ನೋಡಿದ ವಿಡಿಯೋಗಳನ್ನು ಅವರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, ಇದರಲ್ಲಿ ಅರ್ಧ ನಾವು ಚಾಪೆಯ ಮೇಲೆ ಮಾಡುವುದೇ ಎಂದರು. ಆಮೇಲೆ ಇಬ್ಬರೂ ಸೇರಿ ಆ ಆಟಗಳನ್ನು ತುಂಡುತುಂಡು ಮಾಡಿದೆವು. ಬೆಳಿಗ್ಗೆ ನಾನು ಹಲ್ಲುಜ್ಜುವಷ್ಟು ಹೊತ್ತು ಪಿಂಟು ಗೋಣಿಚೀಲದ ಮೇಲೆ ಕೂತಿರುವ ಆಟ. ಬಸ್ಸಿಗೆ ಕಾಯುವಾಗ ಯಾವ ಮುಷ್ಟಿಯಲ್ಲಿ ತಿಂಡಿ ಇದೆ ಎಂದು ಮೂಸಿ ಹೇಳುವ ಆಟ. ಸಂಜೆ ಗೇಟಿನಿಂದ ಬಾಗಿಲವರೆಗೆ ಬರುವಾಗ, ನಾನು ಅದಕ್ಕೆ ಬೆನ್ನು ತೋರಿಸಿ ಓಡಿದರೆ ಅದು ನನ್ನನ್ನು ಹಿಡಿಯುವ ಆಟ. ಯಾವುದಕ್ಕೂ ಬೇರೆ ಸಮಯ ಬೇಡ. ಮೊದಲಿನ ಪಟ್ಟಿಯ ಹಾಳೆಯನ್ನು ಹರಿದೆ. ಹೊಸ ಪುಟದಲ್ಲಿ ಆಟಕ್ಕೊಂದು ಗೆರೆ ಎಳೆಯತೊಡಗಿದೆ. ವಾರ ಕಳೆಯುವಷ್ಟರಲ್ಲಿ ಪುಟ ತುಂಬಿತು.

ತಿಂಡಿಗೆ ನಾನು ಹುರಿಗಡಲೆ ಕೊಡುತ್ತಿದ್ದೆ. ಪಿಂಟು ಮರ್ಯಾದೆಗೆಂಬಂತೆ ತಿನ್ನುತ್ತಿತ್ತು. ಟೀಚರ್ ತಮ್ಮ ಮನೆಯ ಒಣಸೀಗಡಿಯನ್ನು ಉಪ್ಪು ಹೋಗುವಂತೆ ತೊಳೆದು, ಒಲೆಯ ಮೇಲೆ ಒಣಗಿಸಿ, ಒಂದು ಡಬ್ಬಿಗೆ ತುಂಬಿದರು. ಅದು ನಮ್ಮ ಮನೆಯೊಳಗೆ ಬರುವಂತಿರಲಿಲ್ಲ. ಆದ್ದರಿಂದ ಬೇಲಿಯ ಗೂಟಕ್ಕೆ, ಅವರ ಕಡೆಗೆ, ಅದನ್ನು ನೇತುಹಾಕಿದ್ದಾಯಿತು. ನಾನು ಬೇಲಿಯ ಮೇಲಿಂದ ಕೈ ಚಾಚಿ ತೆಗೆದುಕೊಂಡು, ಆಮೇಲೆ ಬಚ್ಚಲಲ್ಲಿ ಕೈ ತೊಳೆದು ಒಳಗೆ ಹೋಗಬೇಕು. ಅಮ್ಮ ಇದನ್ನೆಲ್ಲ ನೋಡಿಯೂ ನೋಡದಂತೆ ಇದ್ದರು. ಗಲಾಟೆ ಮಾಡಿದ್ದು ಟೀಚರ್ ತಂಗಿ. ಸಾರಿಗೆ ಹಾಕಲು ಸೀಗಡಿ ಉಳಿಯುವುದಿಲ್ಲ, ಅಕ್ಕ ಎಲ್ಲವನ್ನೂ ನಾಯಿಗೆ ಹಾಕುತ್ತಾಳೆ ಎಂದು ಬಾವಿಕಟ್ಟೆಯಲ್ಲಿ ಬಂದವರಿಗೆಲ್ಲ ದೂರು ಹೇಳುತ್ತಿದ್ದರು.

ಕರೆದರೆ ಬರುವುದು ಮಾತ್ರ ಕಷ್ಟವಾಯಿತು. ತೋಟದಲ್ಲಿ ನನ್ನ ದನಿ ದೂರ ಹೋಗುತ್ತಿರಲಿಲ್ಲ. ಟೀಚರ್ ಮಕ್ಕಳನ್ನು ಅಂಗಳದಿಂದ ಒಳಗೆ ಕರೆಯಲು ಇಟ್ಟುಕೊಂಡಿದ್ದ ವಿಷಲ್ ತಂದರು. ಒಮ್ಮೆ ಊದುವುದು, ಬಂದರೆ ಸೀಗಡಿ. ಅಷ್ಟೇ ಆಟ. ಅದನ್ನು ಪಿಂಟು ಕಲಿತ ವೇಗ ನೋಡಿ ನಾವಿಬ್ಬರೂ ಬೀಗಿದೆವು. ಕೆರೆಯ ಏರಿಯ ಮೇಲಿದ್ದರೂ ಬಾಣದ ಹಾಗೆ ಬರುತ್ತಿತ್ತು. ಅಮ್ಮನ ಕುಕ್ಕರ್ ವಿಷಲ್ ಹೊಡೆದರೂ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿತ್ತು. ಅದನ್ನು ನೋಡಿ ಎಲ್ಲರೂ ನಕ್ಕೆವು. ನಕ್ಕೆವೇ ಹೊರತು, ಯೋಚಿಸಲಿಲ್ಲ...

ಕುಯ್ಲು ಶುರುವಾದ ವಾರದ ರಜೆಯ ದಿನ. ಬೆಳಿಗ್ಗೆಯೇ ಫೋನಿಗೆ ಅರಣ್ಯ ಇಲಾಖೆಯಿಂದ ಆನೆ ಬಂದಿರುವ ಮೆಸೇಜು ಬಂದಿತ್ತು. ಆದರೆ ಅದು ಆಚೆ ಊರಿನ ಹೆಸರು ಹೇಳಿದ್ದರಿಂದ ಆಳುಗಳು ತೋಟಕ್ಕೆ ಇಳಿದಿದ್ದರು. ಹತ್ತು ಗಂಟೆಯ ಸುಮಾರಿಗೆ ಆನೆಗಳು ನಮ್ಮ ತೋಟದ ಕೆಳಗಿನ ಹಳ್ಳ ದಾಟಿದವು. ಅವುಗಳ ಹಿಂದೆಯೇ ಇದ್ದ ಇಲಾಖೆಯ ಆನೆ ಕಾವಲಿನವರು ಜನರನ್ನು ಎಚ್ಚರಿಸಲು ಜೋರಾಗಿ ವಿಷಲ್ ಊದಿದರು. ಹಣ್ಣು ಕುಯ್ಯುತ್ತಿದ್ದವರು ಚೀಲ ಬಿಟ್ಟು ಮೇಲಿನ ರಸ್ತೆಗೆ ಓಡಿಬಂದರು. ಅವರೆಲ್ಲ ಮೇಲೆ ಬರುತ್ತಿರುವಾಗ ಪಿಂಟು ಒಂದೇ ಕೆಳಗೆ ಓಡಿತು. ಅದಕ್ಕೆ ಗೊತ್ತಿದ್ದದ್ದು ವಿಷಲ್ ಊದಿದ ಕಡೆ ಸೀಗಡಿ ಇರುತ್ತದೆ ಎಂದು.

ಅದು ಇಳಿಜಾರಿನ ನಡುವೆ ಹೋಗಿ ನಿಂತು ಬೊಗಳಲು ಶುರುಮಾಡಿತು. ನಮಗೆ ಆನೆ ಕಾಣುತ್ತಿರಲಿಲ್ಲ. ಕಾಫಿ ಗಿಡಗಳ ತಲೆ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಅಲ್ಲಾಡುವುದು ನಿಂತು, ಮತ್ತೆ ಇತ್ತ ಕಡೆಗೆ ತಿರುಗಿ ಅಲ್ಲಾಡತೊಡಗಿತು. ಅಪ್ಪ ಸಿಟ್ಟಿನಿಂದ, ಭಯದಿಂದ ಪಿಂಟುವಿನ ಹೆಸರು ಹಿಡಿದು ಕೂಗಿದರು. ನಾನೂ ಕೂಗಿದೆ. ಆ ದನಿಗೆ ಪಿಂಟು ಇನ್ನೂ ಜೋರಾಗಿ ಬೊಗಳಿತು. ನನ್ನ ಕುತ್ತಿಗೆಯಲ್ಲೂ ವಿಷಲ್ ಇತ್ತು. ಊದಲು ಬಾಯಿಗೆ ಇಟ್ಟುಕೊಂಡವಳ ಕೈಯಿಂದ ಟೀಚರ್ ಅದನ್ನು ಕಿತ್ತುಕೊಂಡರು. ಕೆಳಗೆ ಕಾವಲಿನವರ ವಿಷಲ್ ಇನ್ನೂ ಕೇಳುತ್ತಿತ್ತು, ನಾನೂ ಊದಿದರೆ ಯಾವ ಕಡೆ ಹೋಗಬೇಕೆಂದು ಪಿಂಟುವಿಗೆ ತಿಳಿಯುತ್ತಿರಲಿಲ್ಲ. ಬೇಲಿ ದಾಟಿ ಯಾವಾಗ ಬಂದರೋ ನಾನು ನೋಡಿರಲಿಲ್ಲ.

"ಅಣ್ಣ, ನೀವು ಕೂಗ್ಬೇಡಿ. ಹೆದರ್ಕಂಡು ಕರೆದ್ರೆ ಯಾವ ಮಗೂನೂ ಬರಲ್ಲ," ಎಂದರು ಅಪ್ಪನಿಗೆ.

ಆಮೇಲೆ ಅವರು ಮಾಡಿದ್ದನ್ನು ಅಂದು ರಸ್ತೆಯಲ್ಲಿದ್ದ ಯಾರೂ ಮರೆತಿಲ್ಲ. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡರು. ಆಳುಗಳಿಗೆಲ್ಲ ಅಂಗಳದೊಳಗೆ ಹೋಗಲು ಕೈಮಾಡಿದರು. ತೋಟಕ್ಕೆ ಬೆನ್ನು ತಿರುಗಿಸಿ, ಚಾಪೆಯ ಮೇಲಿನ ಮಕ್ಕಳಿಗೆ ಹೇಳುವ ಅದೇ ಕೊಂಚ ಎಳೆದ ಮೋಜಿನ ದನಿಯಲ್ಲಿ, ನನ್ನನ್ನು ಹಿಡಿಯೋರು ಯಾರಪ್ಪಾ ಎಂದು ಹಾಡಿದ ಹಾಗೆ ಹೇಳುತ್ತಾ, ನಮ್ಮ ಮನೆಯ ಕಡೆಗೆ ಓಡಿದರು. ಎರಡೂ ಕಡೆ ವಾಲುತ್ತಾ, ಚಪ್ಪಾಳೆ ತಟ್ಟುತ್ತಾ, ನಗುತ್ತಾ. ಹತ್ತಿರ ಇದ್ದ ನನಗೆ ಆ ನಗುವಿನ ಕೆಳಗೆ ಏದುಸಿರು ಕೇಳುತ್ತಿತ್ತು. 

ಬೊಗಳುವುದು ನಿಂತಿತು. ಪಿಂಟು ತಿರುಗಿ ನೋಡಿತು. ಒಂದು ಕ್ಷಣ ಗಿಡಗಳ ಕಡೆ, ಒಂದು ಕ್ಷಣ ಓಡುತ್ತಿರುವ ಟೀಚರ್ ಕಡೆ... ಆಮೇಲೆ ಕಿವಿ ಹಿಂದಕ್ಕೆ ಮಾಡಿ ಓಡಿಬಂತು. ಟೀಚರ್ ನಿಲ್ಲಲಿಲ್ಲ. ಸೌದೆ ಕೊಟ್ಟಿಗೆಯೊಳಗೆ ಹೊಕ್ಕರು, ಅದೂ ಅವರ ಹಿಂದೆ ಹೊಕ್ಕಿತು, ನಾನು ಬಾಗಿಲು ಹಾಕಿದೆ. ಬೊಗಳುವುದು ನಿಂತ ಮೇಲೆ ಗಿಡಗಳ ಅಲ್ಲಾಟವೂ ನಿಧಾನವಾಗಿ ಹಳ್ಳದ ಕಡೆಗೆ ಇಳಿಯಿತು. ಇನ್ನು ಹೊರಗೆ ಬರಬಹುದು ಎಂದು ಕಾವಲಿನವರು ಹೇಳಿದ ಮೇಲೆ ಬಾಗಿಲು ತೆಗೆದರೆ, ಟೀಚರ್ ಸೌದೆ ರಾಶಿಗೆ ಒರಗಿ ಕಾಲು ಚಾಚಿ ಕೂತಿದ್ದರು. ಪಿಂಟು ಅವರ ಕುತ್ತಿಗೆಯ ಬೆವರು ನೆಕ್ಕುತ್ತಿತ್ತು.

"ವಿಷಲ್ ನಂದೇ ತಪ್ಪು ಕಣಮ್ಮ. ನಮ್ಮೂರಲ್ಲಿ ವಿಷಲ್ ಯಾರ್ಯಾರು ಊದ್ತಾರೆ ಅಂತ ಯೋಚ್ನೆ ಮಾಡ್ಬೇಕಿತ್ತು. ಬೇರೆ ಊರಿನ ಆಟ ಆಗೋಯ್ತು ಇದು," ಎಂದರು. ಆಮೇಲೆ ಮಂಡಿ ಹಿಡಿದುಕೊಂಡು, ಎಬ್ಬಿಸಲು ಇಬ್ಬರು ಬೇಕು ಎಂದು ಕೈ ಚಾಚಿದರು. ಒಂದು ಕೈ ನಾನು ಹಿಡಿದೆ, ಇನ್ನೊಂದು ಅಪ್ಪ ಹಿಡಿದರು.

ಮರುದಿನದಿಂದ ವಿಷಲ್ ಬಿಟ್ಟು ಬೇರೆ ಕರೆ ಹುಡುಕಬೇಕಾಯಿತು. ಆನೆ ಕಾವಲಿನವರೂ ಆಳುಗಳೂ ತೋಟದಲ್ಲಿ ಯಾರೂ ಕೂಗದ ಮಾತಾಗಬೇಕು. ಟೀಚರ್ ಆರಿಸಿದ್ದು ಉಪ್ಪಿಟ್ಟು. ನಾನು ಆಲೂರಿನ ಬಸ್ಸಿಳಿದು ರಸ್ತೆಯಲ್ಲಿ ಉಪ್ಪಿಟ್ಟೂ ಎಂದು ರಾಗವಾಗಿ ಕೂಗಿದರೆ ಪಿಂಟು ಮನೆಯಿಂದ ಹಾರಿಬರುತ್ತಿತ್ತು. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದರು. ಅಪ್ಪ ಮಾತ್ರ ಬಹಳ ದಿನ ಕೂಗಲಿಲ್ಲ. ಈ ವಯಸ್ಸಿನಲ್ಲಿ ತೋಟದ ನಡುವೆ ನಿಂತು ತಿಂಡಿಯ ಹೆಸರು ಕೂಗಿದರೆ ಆಳುಗಳು ಏನೆಂದುಕೊಂಡಾರು ಎಂದು ಅವರ ಚಿಂತೆ.

ದೋಣಿಗಲ್‌ನ ರೈಟರ್ ಹೇಳಿದ ದಿನವೇ ಜೀಪು ತಂದರು. ನಾನು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಅಪ್ಪ ಏನು ಹೇಳುತ್ತಾರೋ ನನಗೆ ತಿಳಿದಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಟೀಚರ್ ಅಂಗನವಾಡಿಗೆ ಹೋಗುವ ದಾರಿಯಲ್ಲಿ ಬೇಲಿಯ ಹತ್ತಿರ ಸುಮ್ಮನೆ ನಿಂತಿದ್ದರು. ರೈಟರ್ ಕಾಫಿ ಕುಡಿದು ಮುಗಿಸಿ, ನಾಯಿ ಎಲ್ಲಿ ಎಂದು ಕೇಳಿದರು. ಅಪ್ಪ ಲೋಟ ಕೆಳಗಿಟ್ಟು ಹೇಳಿದರು:

"ಅದು ಟೀಚರ್ ಹತ್ರ ಓದ್ತಾ ಐತೆ ಮಾರಾಯ. ಮಧ್ಯದಲ್ಲಿ ಟೀಸಿ ಕೊಡಕ್ಕಾಗಲ್ಲ."

ರೈಟರ್‌ಗೆ ಅರ್ಥವಾಗಲಿಲ್ಲ. ಅರ್ಥವಾದ ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡು ಬೇಗ ಬೇಗ ನಡೆದುಹೋದರು. ಆ ದಿನದ ನನ್ನ ಪುಟದಲ್ಲಿ ಆಟದ ಗೆರೆಗಳು ಒಂದೂ ಇಲ್ಲ. ಜೀಪು ಖಾಲಿ ಹೋಯಿತು ಎಂದಷ್ಟೇ ಬರೆದಿದ್ದೇನೆ.

ಆಮೇಲೆ ಟೀಚರ್ ನಿವೃತ್ತರಾದರು. ಸಂಜೆಗಳಲ್ಲಿ ಕುರ್ಚಿ ಹಾಕಿಕೊಂಡು ಕೂತು, ಎದ್ದು ಬರಲಾಗದೆ ಅಲ್ಲಿಂದಲೇ ಪಿಂಟುವಿಗೆ ಹೊಸ ಹೊಸ ಕೆಲಸ ಹೇಳುತ್ತಿದ್ದರು. ನನ್ನ ಅಂಗಡಿಯಿಂದಲೇ ಅವರ ಮಾತ್ರೆ ತರುತ್ತಿದ್ದೆ. ಮಾತ್ರೆಗಳು ಬದಲಾದವು, ಹೆಚ್ಚಾದವು... ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಆ ಚೀಟಿಗಳನ್ನು ಓದಿದರೆ ಯಾರೂ ಏನೂ ಹೇಳಬೇಕಿಲ್ಲ. ಕಳೆದ ಮಳೆಗಾಲ ಮುಗಿಯುವ ಮುಂಚೆ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಅವರ ಚಾಪೆಯ ಮೇಲೆ ಕೂತಿದ್ದವರೇ ಹೆಚ್ಚು. ಮಕ್ಕಳನ್ನು ಎತ್ತಿಕೊಂಡು ಬಂದವರೂ ಅವರ ಹಳೆಯ ಮಕ್ಕಳೇ.

ಈಗ ಪಿಂಟುವಿನ ಮೂತಿಯ ಕೂದಲು ನರೆಯುತ್ತಿದೆ. ನನ್ನ ಕೆಲಸ ಹೆಚ್ಚಾಗಿದೆ, ಅಂಗಡಿಯ ಲೆಕ್ಕವೂ ನನ್ನ ಮೇಲೆ ಬಿದ್ದಿದೆ. ಆದರೂ ಆಟ ತಪ್ಪಿಲ್ಲ, ಏಕೆಂದರೆ ಅದಕ್ಕೆ ಬೇರೆ ಸಮಯ ಹುಡುಕುವ ಅಭ್ಯಾಸವೇ ನಮಗೆ ಆಗಲಿಲ್ಲ.

ಈ ಬೆಳಿಗ್ಗೆ ಬಸ್ಸಿಗೆ ಹೊರಟವಳು ಅಂಗಳದಲ್ಲಿ ನಿಂತೆ. ಅಪ್ಪ ಕಣದಲ್ಲಿ ಒಬ್ಬನೇ ಇದ್ದೇನೆ ಎಂದುಕೊಂಡು, ಅತ್ತಿತ್ತ ನೋಡಿ, ಹೆಗಲ ಮೇಲಿನ ಟವೆಲನ್ನು ಕಾಫಿ ಹರಡುವ ಹಲಗೆಯ ಅಡಿಗೆ ತಳ್ಳಿದರು. ಆಮೇಲೆ ಕೈ ಕೊಡವಿ, ನನ್ನ ಟವೆಲ್ ಕಳೆದುಹೋಯಿತಲ್ಲಪ್ಪಾ ಎಂದು ಪಿಂಟುವಿನ ಎದುರು ದೊಡ್ಡದಾಗಿ ಅಳುವ ನಾಟಕ ಮಾಡಿದರು. ಈ ಆಟವನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಪಿಂಟು ಹಲಗೆಯಡಿಯಿಂದ ಟವೆಲ್ ಎಳೆದು ತಂದಾಗ ಅಪ್ಪ ಎರಡೂ ಕೈ ಮೇಲೆತ್ತಿ ಕುಣಿದರು.

ನಾನು ಬೇಲಿಯ ಕಡೆ ತಿರುಗಿ, ಟೀಚರ್ ಎಂದು ಕರೆಯಲು ಬಾಯಿ ತೆರೆದಿದ್ದೆ. ಆಚೆ ಕಡೆ ಬಟ್ಟೆ ಹರವುತ್ತಿದ್ದ ಅವರ ತಂಗಿ ಕೈಯಲ್ಲಿ ಒದ್ದೆ ಸೀರೆ ಹಿಡಿದು ಅಪ್ಪನನ್ನೇ ನೋಡುತ್ತಾ ನಿಂತಿದ್ದರು. ನಗುತ್ತಿದ್ದರು.

"ಇದನ್ನ ನಮ್ಮಕ್ಕ ನೋಡ್ಬೇಕಿತ್ತು ಕಣಮ್ಮ," ಎಂದರು.

ಹೂಂ ಎಂದೆ. ಸೀರೆಯ ಇನ್ನೊಂದು ತುದಿಯನ್ನು ಬೇಲಿಯ ಮೇಲಿಂದ ಹಿಡಿದುಕೊಟ್ಟೆ. ಇಬ್ಬರೂ ಅದನ್ನು ಎಳೆದು ಹರವಿ ಮುಗಿಸುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.