ಶುಂಠಿ ಜಜ್ಜುವ ಕೊಡಲಿ

ಕಾಗಿನೆಲೆಯ ಬಸ್ಸು ತಡವಾಗಿತ್ತು. ಬ್ಯಾಡಗಿ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದೆ. ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಕಣ್ಣು ಕೆಂಪಾಗಿತ್ತು. ಅಂಗಡಿಯ ಅಜ್ಜಿ ಶುಂಠಿ ಜಜ್ಜುತ್ತಿದ್ದಳು. ಅವಳ ಕೈಯಲ್ಲಿದ್ದ ಕಲ್ಲನ್ನು ಕಂಡು ಎದ್ದು ನಿಂತುಬಿಟ್ಟೆ. ಕಪ್ಪಗೆ, ನುಣ್ಣಗೆ ಇತ್ತು. ಒಂದು ತುದಿ ಸಪೂರ, ಇನ್ನೊಂದು ಅಗಲವಾಗಿ ಮಸೆದದ್ದು. ನವಶಿಲಾಯುಗದ ಕೊಡಲಿ!

"ಎಲ್ಲಿ ಸಿಕ್ತು ಯವ್ವಾ ಇದು?"

"ಹೊಲಾ ಉಳಾಕ ರಂಟಿ ಹೊಡಿಯೂ ಮುಂದ ನಮ್ಮ ಮಾವಗ ಸಿಕ್ಕಿತ್ತಂತ್ರಿ. ಸಿಡಿಲಿನ ಕಲ್ಲದು. ಇದು ಇದ್ದ ಮನಿಗೆ ಸಿಡಿಲು ಬಡಿಯಂಗಿಲ್ಲ."

ಹಾವೇರಿಯ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನು ನಾನು. ವರ್ಷವರ್ಷವೂ ಇದೇ ಕೊಡಲಿಯ ಚಿತ್ರವನ್ನು ಹಲಗೆಯ ಮೇಲೆ ಬರೆದು, ಮನುಷ್ಯ ಕಾಡು ಕಡಿದು, ಬಿತ್ತಿ ಬೆಳೆದು ಊರು ಕಟ್ಟಿದ್ದು ಇದರಿಂದಲೇ ಎನ್ನುತ್ತಿದ್ದೆ. ಸಂಜೆ ನಮ್ಮೂರು ಅಗಡಿಯ ಮನೆಗೆ ಬಂದರೆ ಅವ್ವ ಇಂಥದೇ ಕಲ್ಲಿನಿಂದ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಆ ಸದ್ದು ಕೇಳಿದರೇ ಹಸಿವಾಗುತ್ತಿತ್ತು. ಒಂದು ದಿನವೂ ಆ ಕಲ್ಲನ್ನು ಕೈಗೆತ್ತಿಕೊಂಡು ನೋಡಲಿಲ್ಲ. ಎಂಥ ಮಾಸ್ತರನೋ ನಾನು!

"ನಮ್ಮನ್ಯಾಗೂ ಒಂದಿತ್ತು," ಎಂದೆ. "ಅವ್ವ ಹೋದ ಮ್ಯಾಲೆ ಹೊಸಮನಿ ಕಟ್ಟೂ ಮುಂದ ಪಾಯಾದಾಗ ಒಗದುಬಿಟ್ಟೆ."

ಅಜ್ಜಿ ಕಲ್ಲನ್ನು ಸೆರಗಿನಿಂದ ಒರೆಸಿಟ್ಟು, ಚಹಾ ಸೋಸಿ ನನ್ನ ಮುಂದಿಟ್ಟಳು.

"ಒಗದ್ರ ಏನಾತ್ರಿ, ಮನಿ ಬುಡದಾಗ ಐತಲ್ಲ? ನಿಮ್ಮವ್ವನ ಕಲ್ಲು ಇನ್ನೂ ಮನಿ ಕಾಯಾಕತ್ತೇತಿ. ಕುಡೀರಿ."