ನನ್ನ ತಂಗಿಯ ಹೆಗಲಿಗೆ ನಾನು ಹಾಕದ ಚೀಲ

ನನ್ನ ತಂಗಿ ನಲವತ್ತೆರಡನೆಯ ವಯಸ್ಸಿನಲ್ಲಿ ಡಾಕ್ಟರೇಟ್ ಪಡೆದಳು. ಔಷಧಿ ಕೊಡುವ ಡಾಕ್ಟರ್ ಅಲ್ಲ. ಮನುಷ್ಯರು ಹೇಗೆ ಕಲಿಯುತ್ತಾರೆ, ಹೇಗೆ ನೆನಪಿಟ್ಟುಕೊಳ್ಳುತ್ತಾರೆ, ಯಾಕೆ ಮರೆಯುತ್ತಾರೆ ಎಂದು ಅಭ್ಯಾಸ ಮಾಡಿದವಳು. ಮೈಸೂರಿನ ನಮ್ಮ ಬೀದಿಯಲ್ಲಿ ಇದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಈಗ ಬರೆಯುತ್ತಿರುವುದನ್ನು ಮಾತ್ರ ಬೀದಿಯಲ್ಲಿ ಯಾರಿಗೂ ಹೇಳಿಲ್ಲ.

ಕೋವಿಡ್ ನಿರ್ಬಂಧಗಳೆಲ್ಲ ಮುಗಿದ ಮರುವರ್ಷ, ಆರು ತಿಂಗಳ ಮಟ್ಟಿಗೆ ನಾನು ಅಮೆರಿಕದ ಕ್ಲಾರ್ಕ್ಸ್‌ಬರ್ಗಿನ ಅವಳ ಮನೆಗೆ ಹೋದೆ. ಅವಳ ಪ್ರಬಂಧ ಮುಗಿಯುವ ಹಂತದಲ್ಲಿತ್ತು, ಅಡುಗೆಗೆ ಒಂದು ಕೈ ಬೇಕು ಎಂದಿದ್ದಳು. ಹೋದ ಮೇಲೆ ತಿಳಿಯಿತು, ಅವಳಿಗೆ ನನ್ನ ಕೈಗಿಂತ ಕಿವಿಯೇ ಹೆಚ್ಚು ಬೇಕಾಗಿತ್ತು. ಪರೀಕ್ಷಕರ ಮುಂದೆ ಹೇಳಬೇಕಾದದ್ದನ್ನೆಲ್ಲ ಮೊದಲು ನನಗೆ ಕನ್ನಡದಲ್ಲಿ ಹೇಳಿ ನೋಡುತ್ತಿದ್ದಳು.

"ಏಳನೇ ಕ್ಲಾಸಿನ ನಿಂಗೆ ಅರ್ಥ ಆದ್ರೆ ನನ್ನ ಪ್ರೊಫೆಸರ್‌ಗಳಿಗೂ ಆಗತ್ತೆ ಅಕ್ಕ. ಅರ್ಥ ಆಗ್ದಿದ್ರೆ ತಪ್ಪು ನಂದು. ಡೀಲ್?"

"ಮೊದ್ಲು ಆ ಕುಕ್ಕರ್ ಆಫ್ ಮಾಡು. ಆಮೇಲೆ ಡೀಲು."

ಹುರುಳಿಕಾಯಿಯ ನಾರು ತೆಗೆಯುತ್ತ ನಾನು ಎಷ್ಟೋ ಕೇಳಿದೆ. ಜರ್ಮನಿಯ ಒಬ್ಬ ವಿದ್ವಾಂಸ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡನಂತೆ. ಅರ್ಥವಿಲ್ಲದ ಪದಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಅಳೆದನಂತೆ. ಮರೆವು ಮೊದಲು ಓಡುತ್ತದೆ, ಆಮೇಲೆ ನಡೆಯುತ್ತದೆ ಎಂದು ಕಂಡುಕೊಂಡವನು ಅವನೇ. ಇನ್ನೊಬ್ಬನಿಗೆ ಫಿಟ್ಸ್ ಬರುತ್ತಿತ್ತೆಂದು ಮಿದುಳಿನ ಒಂದು ಭಾಗ ತೆಗೆದರಂತೆ. ಆಮೇಲೆ ಅವನಿಗೆ ಹೊಸದೊಂದೂ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದನ್ನು ದಿನೇದಿನೇ ಚೆನ್ನಾಗಿ ಕಲಿತ. ಪ್ರತಿದಿನವೂ "ಇದನ್ನು ನಾನು ಹಿಂದೆಂದೂ ಮಾಡಿಲ್ಲ" ಎನ್ನುತ್ತಿದ್ದನಂತೆ. ಅದನ್ನು ಕೇಳಿದ ದಿನ ನಾನು ಎರಡು ಸಲ ಉಪ್ಪು ಹಾಕಿದೆ.

ತಂಗಿ ಹೇಳುವಾಗ ಅವಳ ಕೈ ಗಾಳಿಯಲ್ಲಿ ನಕ್ಷತ್ರ ಬರೆಯುತ್ತಿತ್ತು. ನಮ್ಮ ಮನೆಯಲ್ಲಿ ಹುಟ್ಟಿದ ಹುಡುಗಿ ಇವಳು ಎಂದು ನನಗೆ ಒಳಗೊಳಗೇ ಹೆಮ್ಮೆ.

ಒಂದು ಮಧ್ಯಾಹ್ನ ಅವಳು ತನ್ನದೇ ವಿಷಯಕ್ಕೆ ಬಂದಳು. ಆ ದೇಶದ ಒಬ್ಬ ಸಂಶೋಧಕಿ ಮತ್ತು ಅವರ ಜೊತೆಯವರು ಮಾಡಿದ ಪ್ರಯೋಗ. ಜನರ ಮನೆಯವರಿಂದ ಅವರ ಬಾಲ್ಯದ ಮೂರು ನಿಜವಾದ ಘಟನೆ ಕೇಳಿಕೊಂಡು, ಅದಕ್ಕೆ ಒಂದು ಸುಳ್ಳು ಸೇರಿಸಿದರು: ಚಿಕ್ಕಂದಿನಲ್ಲಿ ನೀನು ಮಾಲ್‌ನಲ್ಲಿ ಕಳೆದುಹೋಗಿದ್ದೆ, ವಯಸ್ಸಾದವರೊಬ್ಬರು ಕಾಪಾಡಿ ಕರೆತಂದರು. ನಾಲ್ವರಲ್ಲಿ ಒಬ್ಬರಷ್ಟು ಜನ ಹೌದು, ನೆನಪಿದೆ ಎಂದರು. ಒಬ್ಬ ಹುಡುಗನಂತೂ ಕಾಪಾಡಿದವನು ತೊಟ್ಟಿದ್ದ ಅಂಗಿ ಎಂಥದ್ದೆಂದೂ ಹೇಳಿದ.

"ಅಂಗಿ ಎಲ್ಲಿಂದ ಬಂತು?" ಎಂದೆ.

"ಅದೇ ನನ್ನ ಥೀಸಿಸ್ಸು! ಮನೇಲಿ ದೊಡ್ಡೋರು ಹೇಳಿದ್ದು ಹೇಗೆ ನಮ್ಮದೇ ನೆನಪಾಗತ್ತೆ ಅಂತ. ಬೇರೆಯೋರು ಹೇಳಿದ್ರೆ ಡೌಟ್ ಬರತ್ತೆ. ಅಮ್ಮ, ಅಕ್ಕ ಹೇಳಿದ್ರೆ ಯಾರು ಡೌಟ್ ಪಡ್ತಾರೆ?"

ನಾನು ಹುರುಳಿಕಾಯಿಯನ್ನು ಬಿಟ್ಟು ನಾರನ್ನು ಪಾತ್ರೆಗೆ ಹಾಕುತ್ತಿದ್ದೆ.

ನಮ್ಮ ನೆಂಟರಿಷ್ಟರಿಗೆಲ್ಲ ಗೊತ್ತಿರುವ ಕಥೆಯೊಂದಿದೆ. ತಂಗಿಯನ್ನು ಒಂದನೇ ಕ್ಲಾಸಿಗೆ ಸೇರಿಸುವ ಹೊತ್ತಿಗೆ ಅಮ್ಮನಿಗೆ ಕಾಯಿಲೆ, ಮನೆ ನೋಡಿಕೊಳ್ಳುವವರಿಲ್ಲ. ಆಗ ಅಕ್ಕ ತನ್ನ ಓದು ಬಿಟ್ಟು, ತನ್ನ ಖಾಕಿ ಚೀಲವನ್ನು ತಂಗಿಯ ಹೆಗಲಿಗೆ ಹಾಕಿ ಶಾಲೆಗೆ ಕಳಿಸಿದಳು. ಈ ಕಥೆ ಕಟ್ಟಿದವಳು ನಾನು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ನಾನು ಗಣಿತದಲ್ಲಿ ಫೇಲಾದೆ. ಗೆಳತಿಯರೆಲ್ಲ ಹೈಸ್ಕೂಲಿಗೆ ಹೋದರು. ಅಪ್ಪ ಬೇಡಿಕೊಂಡರು, ಹೆಡ್‌ಮಾಸ್ತರು ಮನೆಗೇ ಬಂದು ಕರೆದರು. ನಾಚಿಕೆಯಿಂದ ನಾನೇ ಹೋಗಲಿಲ್ಲ. ಊದಿನಕಡ್ಡಿ ಹೊಸೆಯಲು ಕೂತೆ. ಅಮ್ಮ ಗಟ್ಟಿಮುಟ್ಟಾಗಿಯೇ ಇದ್ದಳು.

ಆರು ವರ್ಷದ ನಂತರ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು "ಯಾಕೆ ಓದು ಅಷ್ಟಕ್ಕೇ ಬಿಡಿಸಿದ್ರಿ?" ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಕಥೆ ಹೇಳಿಬಿಟ್ಟೆ. ಅಮ್ಮ ನೆಲ ನೋಡಿದಳು. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಹನ್ನೆರಡು ವರ್ಷದ ತಂಗಿಯ ಕಣ್ಣು ತುಂಬಿತು. ಮದುವೆ ಗೊತ್ತಾಯಿತು. ಕಥೆ ಉಳಿದುಕೊಂಡಿತು. ಮೆಚ್ಚುವವರು ಸಿಕ್ಕಾಗಲೆಲ್ಲ ಅದಕ್ಕೆ ಸ್ವಲ್ಪ ಸ್ವಲ್ಪ ಸೇರಿಸಿದೆ.

ಸೇರಿಸಿದ್ದಷ್ಟೇ ಆಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಪಿಯುಸಿ ಮುಗಿಸಿದ ತಂಗಿ, ಎಲ್ಲೋ ನಾಯಿ ಮತ್ತು ಗಂಟೆಯ ಪ್ರಯೋಗ ಓದಿ, ಸೈಕಾಲಜಿ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದಳು. ಅವಳನ್ನು ಒಪ್ಪಿಸಲು ಅಪ್ಪ ಅಮ್ಮ ನನ್ನನ್ನು ಕರೆಸಿದರು. "ನಿನಗೋಸ್ಕರ ನಾನು ಸ್ಕೂಲು ಬಿಟ್ಟೆ. ನೀನು ನಾಯಿ ಜೊಲ್ಲು ಸುರಿಸೋದನ್ನ ಓದ್ತೀಯೇನೆ?" ಎಂದೆ. ಅವತ್ತೇ ಅವಳು ಕಂಪ್ಯೂಟರ್ ಸೈನ್ಸಿನ ಅರ್ಜಿ ತುಂಬಿದಳು. ಮತ್ತೆ ನಾಯಿ ಮತ್ತು ಗಂಟೆಯ ಹತ್ತಿರ ಬರಲು ಅವಳಿಗೆ ಇಪ್ಪತ್ತು ವರ್ಷ ಹಿಡಿಯಿತು. ಬಂದಳಲ್ಲ, ನನ್ನ ತಂಗಿ!

ಅವಳ ಡಾಕ್ಟರೇಟ್ ಪರೀಕ್ಷೆಗೆ ಒಂದು ವಾರವಿತ್ತು. ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಕೊನೆಯ ಚಿತ್ರ ತೋರಿಸಿದಳು. ತನ್ನ ಮಗಳ ಕೈಯಲ್ಲಿ ಬರೆಸಿದ ಖಾಕಿ ಚೀಲ.

"ಇದರಿಂದಾನೇ ಮುಗಿಸ್ತೀನಿ, ನಿಜವಾದ ನೆನಪು ಹೀಗಿರತ್ತೆ ಅಂತ. ನಂಗೆ ಎಷ್ಟು ಕ್ಲಿಯರ್ ಆಗಿ ನೆನಪಿದೆ ಗೊತ್ತಾ? ಚೀಲಕ್ಕೆ ಒಂದು ಗುಂಡಿ ಇರ್ಲಿಲ್ಲ. ಇಂಕಿನ ವಾಸನೆ. ಹೆಗಲಿಗೆ ಹಾಕೋವಾಗ ನಿನ್ನ ಕೈ ನಡುಗ್ತಿತ್ತು."

ಗುಂಡಿ, ಇಂಕು, ನಡುಗುವ ಕೈ ಇವನ್ನೆಲ್ಲ ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ನಾನು ಬಿತ್ತಿದ್ದು ಅವಳಲ್ಲಿ ತಾನಾಗಿಯೇ ಬೆಳೆದಿತ್ತು. ಸುಳ್ಳು ನೆನಪುಗಳನ್ನು ಕಂಡುಹಿಡಿಯುವವಳು, ತನ್ನದನ್ನೇ ನಿಜವೆಂದು ಹಿಡಿದುಕೊಂಡು ದೊಡ್ಡವರ ಮುಂದೆ ನಿಲ್ಲಲು ಹೊರಟಿದ್ದಳು.

ಮರುದಿನ ತರಕಾರಿಗೆಂದು ಇಬ್ಬರೇ ಕಾರಿನಲ್ಲಿ ಹೋಗುವಾಗ ಹೇಳಿಬಿಟ್ಟೆ. ಫೇಲಾದದ್ದು, ಹೆಡ್‌ಮಾಸ್ತರು ಬಂದದ್ದು, ಎಲ್ಲ. ಅವಳು ಅಂಗಡಿಯ ಪಾರ್ಕಿಂಗ್‌ಗೆ ತಿರುಗಿಸಿ ಇಂಜಿನ್ ನಿಲ್ಲಿಸಿದಳು.

"ಮತ್ತೆ ಆ ಚೀಲ?"

"ಅಮ್ಮ ಅದ್ರಲ್ಲಿ ಒಣಮೆಣಸಿನಕಾಯಿ ತುಂಬಿಟ್ಟಿದ್ಲು ಕಣೆ."

ಅವಳು ಜೋರಾಗಿ ನಕ್ಕಳು. ನಗುತ್ತಿದ್ದವಳು ಥಟ್ಟನೆ ನಗು ನಿಲ್ಲಿಸಿದಳು. "ಅಂದ್ರೆ ನಾನು ಕಂಪ್ಯೂಟರ್ ಓದಿದ್ದು ಮೆಣಸಿನಕಾಯಿ ಚೀಲಕ್ಕೋಸ್ಕರ."

ನಾನು ಸೀಟಿನ ಬೆಲ್ಟ್ ಬಿಚ್ಚಿ ಅವಳ ಕಡೆ ತಿರುಗಿದೆ.

"ಇಪ್ಪತ್ತು ವರ್ಷ ಅಕ್ಕ," ಎಂದು ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ತಲೆಯೆತ್ತದೆಯೇ, "ಇನ್ನೂ ಕಾಣ್ತಿದೆ ಗೊತ್ತಾ? ನೀನು ಇಷ್ಟೆಲ್ಲ ಹೇಳಿದ್ಮೇಲೂ ಚೀಲ ಕಾಣ್ತಿದೆ" ಎಂದಳು. ಆ ಮಾತಿನಲ್ಲಿ ಸಿಟ್ಟಿತ್ತು, ಅದರ ಹಿಂದೆಯೇ ಅಡುಗೆಮನೆಯಲ್ಲಿ ನಾನು ಕೇಳುತ್ತಿದ್ದ ಕುತೂಹಲವೂ ಇತ್ತು. ಅವತ್ತು ತರಕಾರಿ ತರಲಿಲ್ಲ.

ಮೂರು ದಿನ ಅವಳು ನನಗೆ ಪಾಠ ಹೇಳಲಿಲ್ಲ. ಅನ್ನ ಬಡಿಸಿದರೆ ತಿಂದಳು, ಅಷ್ಟೇ. ನಾಲ್ಕನೆಯ ದಿನ ಲ್ಯಾಪ್‌ಟಾಪ್ ತಂದು ನನ್ನ ಎದುರು ಕೂತಳು.

"ಚೀಲ ತೆಗೆಯಲ್ಲ. ನಿಜ ಏನು ಅಂತ ಹೇಳ್ತೀನಿ. ನೀನು ಬೇಡ ಅಂದ್ರೆ ಬಿಟ್ಟುಬಿಡ್ತೀನಿ. ಎಲ್ಲರ ಮುಂದೆ ಕಣೆ ಅಕ್ಕ, ಯೋಚ್ನೆ ಮಾಡು."

"ಗಣಿತದಲ್ಲಿ ಇಪ್ಪತ್ತೊಂದು ಬಂದಿತ್ತು. ಅದನ್ನೂ ಹೇಳು."

ಪರೀಕ್ಷೆಯ ದಿನ ನಾನು ರೇಷ್ಮೆ ಸೀರೆಯುಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದೆ. ಇಂಗ್ಲಿಷ್ ತಿಳಿಯದಿದ್ದರೂ ಅವಳ ಕೈ ನಕ್ಷತ್ರ ಬರೆದಾಗ ಯಾವ ಕಥೆ ಎಂದು ತಿಳಿಯುತ್ತಿತ್ತು. ಚೀಲದ ಚಿತ್ರ ಬಂದಾಗ ಜನ ತಿರುಗಿ ನನ್ನನ್ನು ನೋಡಿದರು, ನಕ್ಕರು, ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ತಂಗಿಯ ಮಗಳು ನನ್ನ ಕಿವಿಗೆ ಬಾಗಿದಳು.

"ದೊಡ್ಡಮ್ಮ, ನೀನು ಮ್ಯಾತ್ಸ್ ಫೇಲ್ ಅಂತೆ? ಸೀರಿಯಸ್ಲಿ?"

"ಹೂಂ."

"ಅಮ್ಮ ಹೇಳಿದ್ಲು, ನೀನು ಬೆಸ್ಟ್ ಎಕ್ಸ್‌ಪೆರಿಮೆಂಟರ್ ಅಂತೆ. ಬಟ್ ಅವಳ ಹತ್ರ ಪರ್ಮಿಷನ್ ಕೇಳ್ಲಿಲ್ಲ ಅಂತೆ."

ನನ್ನ ಮುಖ ಬಿಸಿಯಾಯಿತು. ಆದರೂ ತಲೆ ಬಗ್ಗಿಸಲಿಲ್ಲ. ಅಲ್ಲಿ ನಿಂತು ಮಾತಾಡುತ್ತಿದ್ದವಳು ನನ್ನ ತಂಗಿ. ಹಾಗೆ ನಿಲ್ಲಲು ನಾನು ಯಾವ ಚೀಲವನ್ನೂ ಕೊಟ್ಟಿರಲಿಲ್ಲ. ಎಲ್ಲವೂ ಅವಳದ್ದೇ.

ಇಪ್ಪತ್ತು ವರ್ಷದ ಮಾತನ್ನು ಅವಳು ಇನ್ನೂ ಪೂರ್ತಿ ಬಿಟ್ಟಿಲ್ಲ. ಫೋನಿನಲ್ಲಿ ಆಗಾಗ ತೆಗೆಯುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ಅವಳ ಪ್ರಬಂಧದ ಪ್ರತಿ ಈಗ ಮೈಸೂರಿನಲ್ಲಿ ನನ್ನ ಹತ್ತಿರ ಇದೆ. ಮೊದಲು ಅರ್ಪಣೆಯ ಪುಟದಲ್ಲಿ ನನ್ನ ತ್ಯಾಗದ ಬಗ್ಗೆ ನಾಲ್ಕು ಸಾಲು ಬರೆದಿದ್ದಳಂತೆ. ಈಗ ಅಲ್ಲಿ "ಅಕ್ಕನಿಗೆ" ಎಂದು ಮಾತ್ರ ಇದೆ, ಕನ್ನಡದಲ್ಲಿ. ಅಷ್ಟು ದಪ್ಪ ಪುಸ್ತಕದಲ್ಲಿ ನನಗೆ ಓದಲು ಬರುವುದು ಅದೊಂದೇ. ಬಂದವರಿಗೆಲ್ಲ ಆ ಪುಟ ತೆಗೆದು ತೋರಿಸುತ್ತೇನೆ. ಯಾಕೆ ಬರೆದಿದ್ದಾಳೆ ಎಂದು ಕೇಳಿದರೆ, ಇನ್ನು ಮೇಲೆ ನಾನು ಬರೆದ ಈ ಕಾಗದಗಳನ್ನು ಓದಲು ಕೊಡುತ್ತೇನೆ.