ಸೋಮವಾರದ ಗ್ಯಾರಂಟಿ

ನಮ್ಮ ಮನೆಯಲ್ಲಿ ಟೆಂಪೋಗೂ ಸೋಮವಾರ ರಜೆ ಇತ್ತು. ಹುನಗುಂದದಲ್ಲಿ ಇದನ್ನು ಕೇಳಿ ನಗದವರಿಲ್ಲ. ಸೋಮವಾರ ಬಸವಣ್ಣನ ವಾರ, ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಆದರೆ ಎತ್ತು ಮಾರಿ ಟೆಂಪೋ ಕೊಂಡ ಮೇಲೂ ಆ ನೇಮ ಬಿಡದವನು ಊರಿಗೆಲ್ಲ ನಮ್ಮಪ್ಪ ಒಬ್ಬನೇ. ಸೋಮವಾರ ಬೆಳಗ್ಗೆ ಟೆಂಪೋ ತೊಳೆದು, ಅದರ ಮೂತಿಗೆ ಮೂರು ಬೆರಳಿನ ವಿಭೂತಿ ಎಳೆದು, ಮನೆಯ ಮುಂದಿನ ಬೇವಿನ ಗಿಡದ ನೆರಳಿನಲ್ಲಿ ನಿಲ್ಲಿಸಿಬಿಡುತ್ತಿದ್ದ.

"ಅಪ್ಪಾ, ಇನ್ನ ಇದರ ಮುಂದ ಹುಲ್ಲ ಹಾಕೋದೊಂದ ಬಾಕಿ ಉಳದೈತಿ" ಎಂದು ಅಣ್ಣ ಕಾಡಿಸುತ್ತಿದ್ದ. ಟೆಂಪೋ ಓಡಿಸುತ್ತಿದ್ದವನು ಅವನೇ. ಅಪ್ಪನೂ ನಗುತ್ತಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ. ಅಪ್ಪ ಅರ್ಧ ಆಯುಷ್ಯವನ್ನು ಇಳಕಲ್ಲಿನ ಸೀರೆಯ ಗಂಟುಗಳನ್ನು ಚಕ್ಕಡಿಯಲ್ಲಿ ಸಾಗಿಸುವುದರಲ್ಲಿ ಕಳೆದಿದ್ದ. ಅಣ್ಣ ದೊಡ್ಡವನಾಗಿ ಲೈಸನ್ಸು ತೆಗೆದ ಮೇಲೆ ಚಕ್ಕಡಿಯ ಜಾಗಕ್ಕೆ ಟೆಂಪೋ ಬಂತು. ಅಣ್ಣ ಇಳಕಲ್ಲಿನಲ್ಲಿ ಗಂಟು ಹೇರಿಕೊಂಡು ಬಾಗಲಕೋಟೆಗೆ, ಒಮ್ಮೊಮ್ಮೆ ಬಾದಾಮಿಗೆ ಹೋಗುತ್ತಿದ್ದ. ಬಾಗಲಕೋಟೆಯಿಂದ ಬರುವಾಗ ಅಮೀನಗಡದಲ್ಲಿ ಇಳಿದು ನಮಗೆ ಕರದಂಟು ತರುತ್ತಿದ್ದ. ಅವ್ವನಿಗೆ ಹಲ್ಲು ನೋವು, ಆದರೂ ಅವನು ತಂದದ್ದನ್ನು ಬಿಡುತ್ತಿರಲಿಲ್ಲ.

ಟೆಂಪೋ ಬಂದು ಒಂದು ವರ್ಷ ತುಂಬುವ ಹೊತ್ತಿಗೆ ಅದನ್ನು ಮಾರಿದ ಬಾಗಲಕೋಟೆಯ ಅಂಗಡಿಯವನು ಮನೆಗೇ ಬಂದ. ಬಿಳೀ ಅಂಗಿ, ಬಾಯಿ ತುಂಬ ಮಾತು. ಚಹಾ ಕುಡಿಯುತ್ತ ವಿಷಯಕ್ಕೆ ಬಂದ.

"ವರ್ಷದ ಗ್ಯಾರಂಟಿ ಮುಗಿಯಾಕ ಬಂತ್ರಿ. ಈಗ ರೊಕ್ಕಾ ಕಟ್ಟಿದ್ರ ಇನ್ನೆರಡ ವರ್ಷ ಮುಂದಕ್ಕ ಹಾಕಿ ಕೊಡ್ತೇವಿ. ಇಂಜಿನ್ ಆಗಲಿ, ಗೇರ್ ಆಗಲಿ, ಸ್ಟೇರಿಂಗ್ ಆಗಲಿ, ಕೆಟ್ಟದ್ದೆಲ್ಲಾ ನಾವ ಹೊಸಾದ ಹಾಕಿ ಕೊಡ್ತೇವಿ."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಬಲಗೈ ಮೇಲೆ ಹೊದಿಸಿಕೊಂಡು ಅವನ ಮುಂದೆ ಚಾಚಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಹೇಳುತ್ತಾರೆ. ಅಂಗಡಿಯವನಿಗೆ ಇದು ತಿಳಿಯಲಿಲ್ಲ. ಚಹಾದ ಕಪ್ಪು ಬೇಕೇನೋ ಎಂದುಕೊಂಡು ಅದನ್ನೇ ಅಪ್ಪನ ಕೈಗಿಡಲು ಹೋದ. ನಾವೆಲ್ಲ ನಕ್ಕೆವು.

"ಎತ್ತಿನ ಯಾಪಾರದಾಗ ಕಾಗದಾ ಇರಲಿಲ್ರಿ" ಎಂದ ಅಪ್ಪ. "ಕೊಂಡ ಎತ್ತು ಗಳೇಕ್ಕ, ಚಕ್ಕಡಿಗೆ ಬರಲಿಲ್ಲಂದ್ರ ಹೊಡಕೊಂಡ ಹೋಗಿ ಅವರ ಬಾಗಲದಾಗ ಕಟ್ಟತಿದ್ವಿ. ನಿಮ್ಮದು ನೀವು ಇಟ್ಟಕೋರಿ, ನಮ್ಮದು ನಮಗ ಕೊಡ್ರಿ, ಅಂತಿದ್ವಿ. ಅವರೂ ತುಟಿ ಪಿಟ್ಟ ಅನ್ನಲಾರದ ರೊಕ್ಕಾ ತಿರಗಿ ಕೊಡತಿದ್ರು. ಅಷ್ಟ ಗ್ಯಾರಂಟಿ."

"ಇದೂ ಹಂಗರಿ ಯಜಮಾನ್ರ. ಎರಡ ಮಾತ ಮಾತ್ರ ನೆನಪ ಇಡ್ರಿ. ಹೊರಗಿನ ಮಿಸ್ತ್ರಿ ಬಿಚ್ಚಬಾರದು, ಬಿಚ್ಚಿದ್ರ ಗ್ಯಾರಂಟಿ ಹೋದಂಗ. ಮತ್ತ ಗಾಡಿ ತರೋದು ಸೋಮವಾರ. ಕಂಪನಿ ಇಂಜಿನಿಯರ್ ಹುಬ್ಬಳ್ಳಿಯಿಂದ ಅವತ್ತ ಒಂದ ದಿನಾ ಬರ್ತಾರ."

ಸೋಮವಾರ ಎಂದದ್ದೇ ತಡ, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಹೊರಗೆ ಬರಲಿಲ್ಲ. ಅವನು ಹೋಗುವವರೆಗೂ ಆ ಸಪ್ಪಳ ಮತ್ತೆ ಕೇಳಲಿಲ್ಲ.

ಅಪ್ಪನಿಗೆ ಹೆದರಿಕೆ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಇಳಕಲ್ಲಿನಲ್ಲಿ ಅವನ ಗೆಳೆಯನೊಬ್ಬನ ಟೆಂಪೋ ಎರಡನೆಯ ವರ್ಷವೇ ಇಂಜಿನ್ ಕಚ್ಚಿ ನಿಂತುಬಿಟ್ಟಿತ್ತು. ಮನೆಯ ಮುಂದೆ ತುಕ್ಕು ತಿನ್ನುತ್ತಿದ್ದ ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿದ್ದನ್ನು ಅಪ್ಪ ಕಣ್ಣಾರೆ ಕಂಡು ಬಂದಿದ್ದ. ಅದನ್ನೇ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಎತ್ತನ್ನು ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ಅಳೆಯಬಲ್ಲ ಮನುಷ್ಯ, ಈ ಕಬ್ಬಿಣದ ಒಳಗೆ ಏನಿದೆಯೋ ತಿಳಿಯದೆ ಒದ್ದಾಡುತ್ತಿದ್ದ.

ಅಂಗಡಿಯವನು ಬಿಟ್ಟುಹೋದ ಕಾಗದ ಇಂಗ್ಲಿಷಿನಲ್ಲಿತ್ತು. ಅಪ್ಪ ನನ್ನಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿದ. ಏನೇನು ಕೆಟ್ಟರೆ ಕೊಡುತ್ತಾರೆ, ಏನೇನು ಕೊಡುವುದಿಲ್ಲ, ಎಲ್ಲ ಹೇಳಿದೆ. ಅವ್ವ ಕಂಬಕ್ಕೆ ಒರಗಿ ಕೇಳುತ್ತಿದ್ದವಳು, "ಓಡ್ಸಾವಗ ಏನರ ಆದ್ರ ಏನ ಕೊಡ್ತಾರಂತ?" ಎಂದಳು.

"ಅದರ ಬಗ್ಗೆ ಏನೂ ಬರದಿಲ್ಲ ಅವ್ವಾ."

"ಬಾಯಾಗ ಒಳ್ಳೇ ಮಾತ ಬರಲಿ" ಎಂದು ಅಪ್ಪ ಗದರಿದ.

"ನಾ ಕೆಟ್ಟದ್ದ ಅನ್ನಲಿಲ್ರಿ. ಸ್ವಾಮಾರ ಬ್ಯಾಡ ಅಂತೇನಿ, ಅಷ್ಟ."

"ಗಾಡಿಗೇನ ಜೀವ ಐತೇನ?"

"ಜೀವ ಇಲ್ಲದ್ದಕ್ಕ ಇಷ್ಟ ದಿನಾ ಯಾಕ ಇಬತ್ತಿ ಹಚ್ಚಿದ್ರಿ?"

ಅಣ್ಣ ನಡುವೆ ಬಂದು, "ಹಾಕ್ಸೂಣು ಬಿಡಪ್ಪಾ, ನನಗೂ ತಲಿಬ್ಯಾನಿ ತಪ್ಪತೈತಿ" ಎಂದ. ಅಲ್ಲಿಗೆ ಮಾತು ಮುಗಿಯಿತು. ಮಾರನೆಯ ವಾರ ಅಪ್ಪ ಬಾಗಲಕೋಟೆಗೆ ಹೋಗಿ ಗ್ಯಾರಂಟಿ ಮಾಡಿಸಿಕೊಂಡು ಬಂದ. ಬಂದವನೇ ಕೈಕಾಲು ತೊಳೆದು ಜಗಲಿಯ ಮೇಲೆ ಕೂತ. ಖುಷಿಯಾಗಿದ್ದಾನೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ.

ಮೊದಲ ಸಲ ಸೋಮವಾರ ಗಾಡಿ ಹೊರಗೆ ತೆಗೆದದ್ದು ಇಂಜಿನ್ನಿನಿಂದ ಎಣ್ಣೆ ಸೋರಿದಾಗ. ಬಾಗಲಕೋಟೆಯ ವರ್ಕ್‌ಶಾಪಿನಲ್ಲಿ ಪುಕ್ಕಟೆ ಮಾಡಿಕೊಟ್ಟರು. ಅಣ್ಣ ಸಂಜೆಗೆ ಕರದಂಟಿನ ಪೊಟ್ಟಣ ಹಿಡಿದು ಬಂದ. ಅಪ್ಪ ಓಣಿಯ ತುಂಬ ಹೇಳಿಕೊಂಡು ತಿರುಗಿದ. ಅವ್ವ ಆ ಪೊಟ್ಟಣ ಬಿಚ್ಚಲಿಲ್ಲ. ನಾನೂ ಅಪ್ಪನೂ ತಿಂದೆವು.

ಗ್ಯಾರಂಟಿ ಬಂದ ಮೇಲೆ ಊರಿನ ಮಿಸ್ತ್ರಿ ನಮ್ಮ ಟೆಂಪೋದಿಂದ ದೂರ ಸರಿದ. ಅವನು ಅಣ್ಣನ ಜೊತೆ ಸಾಲಿ ಕಲಿತವನು. ಮೊದಲು ಟೆಂಪೋ ಎಲ್ಲಿ ಕಿರ್ ಎಂದರೂ ಅಣ್ಣ ಅವನ ಮುಂದೆ ನಿಲ್ಲಿಸುತ್ತಿದ್ದ. ಈಗ ಇಬ್ಬರೂ ಅದನ್ನು ಬದಿಗಿಟ್ಟು ಚಹಾ ಕುಡಿದು ಬರುತ್ತಿದ್ದರು.

ಆ ಬೇಸಿಗೆಯಲ್ಲಿ, ಒಂದು ಗುರುವಾರ, ಅಣ್ಣ ಬಾದಾಮಿಯಿಂದ ತಡವಾಗಿ ಬಂದ. ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು, "ಸ್ಟೇರಿಂಗ್ ಒಂದೀಟ ಸಡ್ಲ ಆದಂಗ ಆಗೈತಪಾ. ನಾ ತಿರವಿದ ಮ್ಯಾಲೆ ಅದು ಯೋಚನಿ ಮಾಡಿ ತಿರಗತೈತಿ" ಎಂದ. ನಗುವ ಮಾತಿನಂತೆ ಹೇಳಿದ, ಆದರೆ ನಗಲಿಲ್ಲ.

ಬೆಳಗ್ಗೆ ಮಿಸ್ತ್ರಿ ಬಂದು ಟೆಂಪೋದ ಕೆಳಗೆ ಮಲಗಿ ನೋಡಿದ. ಎದ್ದು ಕೈ ಒರೆಸಿಕೊಳ್ಳುತ್ತ, "ಮ್ಯಾಲ ನೋಡಿದ್ರ ಏನೂ ತಿಳಿಯಂಗಿಲ್ಲ. ಬಿಚ್ಚಬೇಕಾಗತೈತಿ. ಬಿಚ್ಚಲೇನ್ರಿ ಕಾಕಾ?" ಎಂದು ಅಪ್ಪನನ್ನು ಕೇಳಿದ.

ಅಪ್ಪ ಟೆಂಪೋ ನೋಡಿದ, ಅಣ್ಣನನ್ನು ನೋಡಿದ. "ಬ್ಯಾಡ" ಎಂದ. "ಸ್ವಾಮಾರ ಒಯ್ತಾನ."

ಅಲ್ಲಿಂದ ಸೋಮವಾರದವರೆಗೆ ಅದು ಬೇವಿನ ಗಿಡದ ಕೆಳಗೇ ನಿಂತಿತ್ತು. ಗಾಳಿ ಇರಲಿಲ್ಲ. ಎಲೆಗಳು ಮಾತ್ರ ತಾವೇ ಉದುರಿ ಅದರ ಮೇಲೆ ಬೀಳುತ್ತಿದ್ದವು, ಯಾರೂ ತೆಗೆಯಲಿಲ್ಲ. ಅವ್ವ ನೀರಿಗೆ ಹೋಗುವಾಗ ಹತ್ತಿರದ ದಾರಿ ಬಿಟ್ಟು ಹಿತ್ತಲಿನಿಂದ ಸುತ್ತು ಹಾಕುತ್ತಿದ್ದಳು. ನನಗೂ ಶಾಲೆಗೆ ಹೊರಟಾಗ ಅದರ ಕಡೆ ನೋಡಲು ಮನಸ್ಸಾಗುತ್ತಿರಲಿಲ್ಲ. ಹೇಳಬೇಕೆಂದರೆ ಏನು ಹೇಳುವುದು? ಮನೆಯಲ್ಲಿ ಯಾರಿಗೂ ಕಾಯಿಲೆಯಿಲ್ಲ, ಜಗಳವಿಲ್ಲ. ಆದರೂ ಎಲ್ಲರೂ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದೆವು.

ಸೋಮವಾರ ಬೆಳಗ್ಗೆ ಅಪ್ಪ ಅಭ್ಯಾಸದಂತೆ ವಿಭೂತಿ ಹಿಡಿದು ಹೊರಗೆ ಬಂದ. ಟೆಂಪೋದ ಮುಂದೆ ನಿಂತ. ದುಡಿಸಲು ಹೊರಟದ್ದಕ್ಕೆ ಆ ದಿನ ವಿಭೂತಿ ಹಚ್ಚಬೇಕೋ ಬೇಡವೋ ಎಂಬುದು ಅವನಿಗೆ ಬಗೆಹರಿಯಲಿಲ್ಲ ಎಂದು ಕಾಣುತ್ತದೆ. ಒಳಗೆ ಹೋಗಿ ಗೂಡಿನಲ್ಲಿ ಇಟ್ಟು ಬಂದ.

ಅವ್ವ ರೊಟ್ಟಿಯ ಗಂಟು ಕೊಟ್ಟು, "ಸಾವಕಾಶ ಹೋಗು" ಎಂದಳು.

"ಸಾವಕಾಶನ ಹೋಗ್ತೇನಿ ಬೇ. ಬರ್ತ ಕರದಂಟು ತರ್ತೇನಿ, ಈ ಸಲಾ ತಿನ್ನಬೇಕ ನೀ" ಎಂದ ಅಣ್ಣ.

ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಹೆಡ್‌ಮಾಸ್ತರರು ಒಳಗೆ ಬಂದು ನನ್ನ ಕೈಯಿಂದ ಸೀಮೆಸುಣ್ಣದ ಖಡು ಇಸಿದುಕೊಂಡರು. ಅಮೀನಗಡ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ರಸ್ತೆ ತಿರುಗಿತ್ತು, ಟೆಂಪೋ ತಿರುಗಿರಲಿಲ್ಲ. ನೇರ ಹೋಗಿ ಕಲ್ಲಿನ ಸೇತುವೆಯ ಗೋಡೆಗೆ ಬಡಿದಿತ್ತು. ಅಣ್ಣನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದವರು ದಾರಿಯಲ್ಲೇ ಜೀವ ಹೋಯಿತು ಎಂದರು. ಮರುದಿನ ಮಣ್ಣು ಮಾಡಿದೆವು.

ಮಾತಾಡಿಸಲು ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು. "ಸ್ವಾಮಾರ ಗಾಡಿ ಹೊರಗ ತಗೀಬಾರದಿತ್ತು." ಟೆಂಪೋಗೆ ರಜೆ ಕೊಡುವುದನ್ನು ಕಂಡು ಹೊಟ್ಟೆ ಹಿಡಿದು ನಕ್ಕವರೇ ಇವರೆಲ್ಲ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಸಡಿಲಾದ ಸ್ಟೇರಿಂಗಿಗೆ ವಾರ ತಿಳಿಯುತ್ತದೆಯೇ? ಗ್ಯಾರಂಟಿ ಇಲ್ಲದಿದ್ದರೆ ಶುಕ್ರವಾರವೇ ಮಿಸ್ತ್ರಿ ಅದನ್ನು ಬಿಚ್ಚುತ್ತಿದ್ದ, ಸಂಜೆಗೆ ಮುಗಿಯುತ್ತಿತ್ತು. ಇದನ್ನು ನಾನು ಯಾರ ಮುಂದೆಯೂ ಹೇಳಲಿಲ್ಲ, ಅಪ್ಪ ಅಲ್ಲೇ ಕೂತಿರುತ್ತಿದ್ದ. ಅವ್ವನಂತೂ ಸೋಮವಾರದ ಮಾತನ್ನೂ ಎತ್ತಲಿಲ್ಲ, ಗ್ಯಾರಂಟಿಯ ಮಾತನ್ನೂ ಎತ್ತಲಿಲ್ಲ. ಅವಳು ಒಂದು ಸಲ ಬೈದಿದ್ದರೆ ಅಪ್ಪನಿಗೆ ಉಸಿರಾಡಲು ಬರುತ್ತಿತ್ತೋ ಏನೋ.

ಅಂಗಡಿಯವರು ಮಾತಿಗೆ ತಪ್ಪಲಿಲ್ಲ. ಸ್ಟೇರಿಂಗಿನ ಬೋಲ್ಟೇ ಮುರಿದದ್ದು ಎಂದು ಇಂಜಿನಿಯರ್ ಒಪ್ಪಿಕೊಂಡನಂತೆ. ಮಳೆಗಾಲ ಹಿಡಿಯುವ ಹೊತ್ತಿಗೆ ಅದೇ ಬಿಳೀ ಅಂಗಿಯವನು ಟೆಂಪೋವನ್ನು ತಾನೇ ಓಡಿಸಿಕೊಂಡು ಬಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಹೊಸ ಬಣ್ಣ, ಹೊಸ ಗಾಜು, ಹೊಸ ಸೀಟು. ಎಲ್ಲಿಯೂ ಒಂದು ಗೀರು ಇರಲಿಲ್ಲ. ನಾನೂ ಅವ್ವನೂ ಬಾಗಿಲಲ್ಲಿ ನಿಂತಿದ್ದೆವು.

"ಎಲ್ಲಾ ಗ್ಯಾರಂಟಿದಾಗ ಮಾಡೇವ್ರಿ ಯಜಮಾನ್ರ" ಎಂದು ತಗ್ಗಿದ ದನಿಯಲ್ಲಿ ಹೇಳಿ, ಅವನು ಕೀಲಿ ಚಾಚಿದ.

ಅಪ್ಪ ಕೀಲಿ ತೆಗೆದುಕೊಳ್ಳಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಯ ಮೇಲೆ ಹೊದಿಸಿದ. ಅದರ ಮರೆಯಲ್ಲಿ ಅವನ ಐದೂ ಬೆರಳು ಹಿಡಿದ. ಈ ಸಲ ಯಾರೂ ನಗಲಿಲ್ಲ, ಅವನು ಕೈ ಬಿಡಿಸಿಕೊಳ್ಳಲೂ ಇಲ್ಲ.

"ನಿಮ್ಮದು ನೀವು ಇಟ್ಟಕೋರಿ" ಎಂದ ಅಪ್ಪ. "ನಮ್ಮದು ನಮಗ ಕೊಡ್ರಿ."